ಹಾಸಿಗೆ ಪಾಳಿ

ನಮ್ಮೂರ ತಗ್ಗಿನಲ್ಲಿ ಇವತ್ತಿಗೂ ನನ್ನ ಹೆಸರು ಕೇಳಿದರೆ ಉಗಿಯುವವರಿದ್ದಾರೆ. ಸಾಕಮ್ಮ ನಮ್ಮ ಆಸ್ಪತ್ರೆಯನ್ನು ಕಳೆದಳು ಅನ್ನುತ್ತಾರೆ. ಉಗಿಯಲಿ. ಉಗಿಯುವುದಕ್ಕಾದರೂ ಎದೆಯಲ್ಲಿ ಒಂದಿಷ್ಟು ಉಸಿರು ಬೇಕು, ಅದು ಅವರಲ್ಲಿ ಬೇಕಾದಷ್ಟಿದೆ. ನನ್ನ ನಾದಿನಿ ಬಸಲಿಂಗಿಗೆ ಅದಿರಲಿಲ್ಲ. ಆದ್ದರಿಂದ ಅವಳ ಪರವಾಗಿ ನಾನೇ ಹೇಳಬೇಕಾಗಿದೆ.

ನಮ್ಮೂರಿಗೆ ಒಂದು ತಗ್ಗು, ಒಂದು ದಿಬ್ಬ. ತಗ್ಗಿನಲ್ಲಿ ನಾವು, ದಿಬ್ಬದಲ್ಲಿ ಅವರು. ಸರ್ಕಾರಿ ಆಸ್ಪತ್ರೆ ಮೊದಲು ತಗ್ಗಿನ ಮಧ್ಯದಲ್ಲೇ ಇತ್ತು, ಮಾರಿಗುಡಿಗೂ ಎಣ್ಣೆ ಗಿರಣಿಗೂ ನಡುವೆ. ಒಂದು ಮಧ್ಯಾಹ್ನ, ಎಲ್ಲರೂ ಉಂಡು ಒರಗಿದ ಹೊತ್ತಿನಲ್ಲಿ, ಅದು ಎದ್ದು ದಿಬ್ಬದ ಕಡೆಗೆ ಹೊರಟಿತು. ಓಡಲಿಲ್ಲ. ಮೆಲುಕು ಹಾಕುತ್ತಿದ್ದ ಎಮ್ಮೆ ಎದ್ದ ಹಾಗೆ ಎದ್ದು, ಎರಡು ಮಾರು ಮುಂದೆ ಹೋಗಿ, ಮತ್ತೆ ಕೂತಿತು. ಕಾಂಪೌಂಡಿನ ಬೇವಿನ ಮರ ಹಿಂದೆಯೇ ಉಳಿಯಿತು. ಮರುದಿನ ಮಧ್ಯಾಹ್ನವೂ ಎದ್ದಿತು. ಆಮೇಲೆ ಅದೇ ಅಭ್ಯಾಸವಾಯಿತು.

ನಾವು ಅರ್ಜಿ ಕೊಟ್ಟೆವು. ಆರೋಗ್ಯಾಧಿಕಾರಿ ಜೀಪಿನಲ್ಲಿ ಬಂದು, ಕಟ್ಟಡಕ್ಕೆ ಒಂದು ಸುತ್ತು ಹಾಕಿ, ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು, "ಆಸ್ಪತ್ರೆ ಎಲ್ಲಿತ್ತೋ ಅಲ್ಲೇ ಇದೆ. ನೀವೇ ಹಿಂದೆ ಬಿದ್ದಿದೀರಿ" ಎಂದ. ಅವನು ಮಾತು ಮುಗಿಸುವಷ್ಟರಲ್ಲಿ ಬಾಗಿಲ ಮುಂದೆ ನಿಲ್ಲಿಸಿದ್ದ ಅವನ ಜೀಪು ಹಿತ್ತಿಲಿಗೆ ಬಂದಿತ್ತು. ಅದನ್ನು ನೋಡದವನ ಹಾಗೆ ಹತ್ತಿಕೊಂಡು ಹೋದ.

ದಿಬ್ಬದವರಿಗೆ ಸರ್ಕಾರಿ ಆಸ್ಪತ್ರೆ ಯಾಕೆ ಬೇಕು, ಅದನ್ನಾದರೂ ಯಾರಾದರೂ ಹೇಳಲಿ. ಅವರಿಗೆ ಮನೆಗೇ ಬರುವ ಡಾಕ್ಟರುಗಳಿದ್ದಾರೆ, ಮೂಗಿಗೆ ಒಬ್ಬ, ಮೂಗಿನಿಂದ ಇಳಿಯುವ ನೆಗಡಿಗೆ ಇನ್ನೊಬ್ಬ. ಬೆಳಿಗ್ಗೆ ನಾಯಿ ಹಿಡಿದು ತಿರುಗಾಡುವಾಗ ಬಿ.ಪಿ. ನೋಡಿಸಿಕೊಳ್ಳಲು ಒಂದು ಜಾಗ ಹತ್ತಿರ ಬರುತ್ತಿದೆಯಲ್ಲ ಎಂದು ಖುಷಿಪಟ್ಟರೇ ಹೊರತು, ಬೇಡ ಅನ್ನಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ನಮ್ಮೂರಲ್ಲಿ ಹಾಗೂ ಅಲ್ಲ. ಹಲ್ಲೂ ಅವರದೇ, ಕಡಲೆಯೂ ಅವರ ಮನೆಗೇ ನಡೆದುಕೊಂಡು ಹೋಗುತ್ತಿತ್ತು.

ತಗ್ಗಿನಲ್ಲಿ ಆಗಲೇ ಎಲ್ಲರಿಗೂ ವಯಸ್ಸಾಗಿತ್ತು. ಸಾಯುವವರು ಕಡಿಮೆಯಾದರು, ಹುಟ್ಟುವವರು ಅದಕ್ಕಿಂತ ಕಡಿಮೆಯಾದರು. ತೊಟ್ಟಿಲು ಮಾಡುತ್ತಿದ್ದ ಆಚಾರಿ ಊರುಗೋಲು ಮಾಡತೊಡಗಿದ. ನಮ್ಮ ಮಂಡಿಗಳು ಕೆಟ್ಟಷ್ಟೂ ಆಸ್ಪತ್ರೆಯ ದಾರಿ ಉದ್ದವಾಯಿತು. ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ, ನಾವೂ ಒಗ್ಗಿಕೊಂಡೆವು. ಕಾಯಿಲೆ ಬಂದ ಮೇಲೆ ಹೊರಟರೆ ಮುಟ್ಟುವುದಿಲ್ಲ ಎಂದು ಗೊತ್ತಾಗಿ, ಮೈ ಬೆಚ್ಚಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಡುವುದನ್ನು ಕಲಿತೆವು. ದಾರಿಯಲ್ಲಿ ಜ್ವರ ಬಂದರೆ ಸರಿ, ಬರದಿದ್ದರೆ ಬುತ್ತಿ ಬಿಚ್ಚಿ ತಿಂದು ವಾಪಸು ಬರುತ್ತಿದ್ದೆವು. ಆಸ್ಪತ್ರೆ ಬಿಟ್ಟುಹೋದ ಜಾಗದಲ್ಲಿ ಕೆಲವರು ದಂಟಿನ ಸೊಪ್ಪು ಹಾಕಿದರು. ಚೆನ್ನಾಗಿಯೇ ಬಂತು.

ಒಂದು ವರ್ಷ ಮಳೆಗಾಲ ಮುಗಿಯುವಾಗ ತಗ್ಗಿಗೆಲ್ಲ ಕೀಲುನೋವಿನ ಜ್ವರ ಬಂತು. ಆಸ್ಪತ್ರೆಯ ಹಾಸಿಗೆಗಳೆಲ್ಲ ತುಂಬಿದವು. ಅಷ್ಟು ಹೊತ್ತಿಗೆ ಅದು ತಗ್ಗಿನ ಅಂಚು ಮುಟ್ಟಿ, ಸೌದೆ ಡಿಪೋ ಪಕ್ಕದಲ್ಲಿತ್ತು. ಅಲ್ಲಿಂದ ಮುಂದೆ ಏರು. ಜ್ವರ ಇದ್ದಷ್ಟು ದಿನ ಆಸ್ಪತ್ರೆ ಡಿಪೋ ಬಿಟ್ಟು ಕದಲಲಿಲ್ಲ. ಮೊದಲನೆಯ ರೋಗಿ ಗುಣವಾಗಿ ಮನೆಗೆ ಹೊರಟ ಮಧ್ಯಾಹ್ನ ಮತ್ತೆ ಎದ್ದಿತು. ಇದನ್ನು ಗಮನಿಸಿದವನು ಶ್ರೀಕಂಠಯ್ಯ. ಅವನು ಒಂದು ಕಾಲದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ. ಟೈಪು ಕಲಿಯುವವರು ನಿಂತುಹೋದ ಮೇಲೆ ಬೆರಳು ಸುಮ್ಮನಿರಲಾರದೆ ಮುಖಂಡನಾದ. ಮಾರಿಗುಡಿ ಜಗಲಿಯ ಮೇಲೆ ನಿಂತು, "ಒಂದು ಹಾಸಿಗೆ ಖಾಲಿ ಆದರೂ ಅದು ಏಳುತ್ತದೆ. ಖಾಲಿಯಾಗದಿದ್ದರೆ ಏಳುವುದಿಲ್ಲ. ನಾವು ಖಾಲಿಯಾಗಲು ಬಿಡಬಾರದು" ಎಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಹೀಗೆ ಹಾಸಿಗೆ ಪಾಳಿ ಶುರುವಾಯಿತು. ಪ್ರತಿ ಮನೆಯಿಂದ ಒಬ್ಬ ಮುದುಕನೋ ಮುದುಕಿಯೋ ಸರದಿಯ ಮೇಲೆ ಹೋಗಿ ಮಲಗಬೇಕು. ಬಂದವರು ಹಾಸಿಗೆಯ ಅಂಚಿನಲ್ಲಿ ಕೂತ ಮೇಲೆಯೇ ಇದ್ದವರು ಏಳಬೇಕು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದೇ ಒಂದು ಸಂಭ್ರಮವಾಯಿತು. ಸೊಸೆಯರು ಬೆಳಿಗ್ಗೆಯೇ ಅತ್ತೆಯ ತಲೆ ಬಾಚಿ, ಬುತ್ತಿ ಕೊಟ್ಟು, ನಗುನಗುತ್ತ ಕಳಿಸತೊಡಗಿದರು. ವಾರ್ಡಿನಲ್ಲಿ ಚೌಕಾಬಾರ, ಭಜನೆ, ಮಾವಿನಕಾಯಿ ಉಪ್ಪಿನಕಾಯಿ. ಕಿಟಕಿ ಪಕ್ಕದ ಹಾಸಿಗೆಗಾಗಿ ಜಗಳಾಡಿ ಮಾತು ಬಿಟ್ಟವರಿದ್ದಾರೆ. ಒಂದು ಮದುವೆಯೂ ಅಲ್ಲೇ ಕುದುರಿತು, ಎರಡೂ ಕಡೆಯ ಅಜ್ಜಂದಿರು ಅಕ್ಕಪಕ್ಕ ಮಲಗಿದ್ದರಿಂದ.

ಡಾಕ್ಟರ್ ಜೆಸಿಂತಾ ಮೊದಲು ಕೂಗಾಡಿದಳು. "ಇದು ಛತ್ರ ಅಲ್ಲ, ಏಳಿ" ಅಂದಳು. ಶ್ರೀಕಂಠಯ್ಯ ಮಲಗಿದ್ದಲ್ಲಿಂದಲೇ, "ನಾವು ಎದ್ದರೆ ನಿಮ್ಮ ಆಸ್ಪತ್ರೆಯೂ ಏಳುತ್ತದೆ ಡಾಕ್ಟರೇ" ಅಂದ. ಅವಳ ಮನೆಯೂ ತಗ್ಗಿನಲ್ಲೇ, ಅವಳೂ ಸುಮ್ಮನಾದಳು. ಮೇಲಧಿಕಾರಿಗಳಿಗಂತೂ ಸಂತೋಷವೇ ಆಯಿತು. ಹಾಸಿಗೆಗಳೆಲ್ಲ ಸದಾ ತುಂಬಿರುವ ಆಸ್ಪತ್ರೆ ಎಂದು ಅದೇ ಆರೋಗ್ಯಾಧಿಕಾರಿ ಬಂದು ಡಾಕ್ಟರಿಗೆ ಶಾಲು ಹೊದಿಸಿದ. ಹೊದಿಸಿ, ಭಾಷಣದಲ್ಲಿ, ತಗ್ಗಿನ ಮುದುಕರು ಇಷ್ಟೊಂದು ಕಾಯಿಲೆ ಬಿದ್ದರೆ ಸರ್ಕಾರ ಎಲ್ಲಿಂದ ತರಬೇಕು ಎಂದು ನೊಂದುಕೊಂಡು, ಮುಂದಿನ ತಿಂಗಳಿಂದ ಮಾತ್ರೆಗಳನ್ನು ಅರ್ಧಕ್ಕೆ ಇಳಿಸಿದ. ಮಾತ್ರೆ ನುಂಗುವವರಾದರೂ ಒಳಗೆ ಯಾರಿದ್ದರು? ಎಲ್ಲರೂ ಉಪ್ಪಿನಕಾಯಿ ನೆಕ್ಕುತ್ತಿದ್ದರು.

ನಿಜವಾದ ಕಾಯಿಲೆಯವರು ಕೂಡ ಆಗೊಮ್ಮೆ ಈಗೊಮ್ಮೆ ಒಂದು ಹಾಸಿಗೆ ಪಡೆಯುತ್ತಿದ್ದರು, ಗಾಣದ ರುದ್ರಪ್ಪ ಸಾಯುವವರೆಗೆ. ಅವನು ಎದೆನೋವೆಂದು ಬಂದು, ಮಲಗಿದ್ದಲ್ಲೇ ಒಂದು ಮಧ್ಯಾಹ್ನ ಪ್ರಾಣ ಬಿಟ್ಟ. ಹೆಂಡತಿ ಎದೆ ಬಡಿದುಕೊಂಡಳು, ಉಳಿದವರು ಹೆಣ ಎತ್ತಿ ಅಂಗಳಕ್ಕೆ ತಂದರು, ಆ ಅಳುವಿನಲ್ಲಿ ಅವನ ಹಾಸಿಗೆಯ ಮೇಲೆ ಮಲಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಂಗಳದಲ್ಲಿ ಅಳುತ್ತಿದ್ದವರು ತಲೆ ಎತ್ತಿ ನೋಡಿದರೆ ಆಸ್ಪತ್ರೆ ಈ ಸಲ ಎರಡು ಮಾರಿಗೆ ನಿಲ್ಲದೆ ಏರಿನ ಅರ್ಧಕ್ಕೆ ಹೋಗಿತ್ತು. ಆವತ್ತು ಸಂಜೆಯೇ ಶ್ರೀಕಂಠಯ್ಯನ ಸಮಿತಿ ಹೊಸ ಕಟ್ಟಳೆ ಮಾಡಿತು. ಸಾಯುವ ಸಂಭವ ಇರುವವರಿಗೆ ಹಾಸಿಗೆ ಇಲ್ಲ. ಗಟ್ಟಿಮುಟ್ಟಾದವರು ಮಾತ್ರ ಮಲಗತಕ್ಕದ್ದು. ಕಾಯಿಲೆಯವರು ವರಾಂಡದ ಬೆಂಚಿನ ಮೇಲೆ ಔಷಧಿ ಇಸಿದುಕೊಂಡು ಹೋಗತಕ್ಕದ್ದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ, ಹಾಗಾಯಿತು. ಆದರೆ ಯಾರಿಗೂ ಹಾಗೆ ಕಾಣಲಿಲ್ಲ. ಕಾಯಿಲೆ ಇನ್ನೂ ತಮ್ಮ ಮನೆಗೆ ಬಂದಿರಲಿಲ್ಲವಲ್ಲ.

ನಮ್ಮ ಮನೆಯ ಪಾಳಿಗೆ ಹೋಗುತ್ತಿದ್ದವಳು ಬಸಲಿಂಗಿ. ನನ್ನ ಗಂಡನ ತಂಗಿ. ಮದುವೆಯಾದ ವರ್ಷವೇ ಗಂಡನ ಕೆನ್ನೆಗೆ ಎರಡು ಬಿಟ್ಟು ತವರಿಗೆ ಬಂದವಳು, ಮತ್ತೆ ಹೋಗಲಿಲ್ಲ. ನನ್ನ ಗಂಡ ಸತ್ತ ಮೇಲೆ ನಾವಿಬ್ಬರೇ ಉಳಿದೆವು. ಒಂದೇ ಮಣೆಯ ಎದುರುಬದುರು ಕೂತು ಅಗರಬತ್ತಿ ಹೊಸೆದು ಬದುಕಿದೆವು. ಹೊಸೆಯುವಾಗ ಜಗಳ, ಉಣ್ಣುವಾಗ ಜಗಳ. ನನ್ನ ಸಾರಿಗೆ ಉಪ್ಪು ಹೆಚ್ಚು ಅನ್ನುವಳು, ಅವಳ ಮುದ್ದೆಯಲ್ಲಿ ಗಂಟು ಅನ್ನುವೆನು. ಆದರೂ ಅವಳು ಉಣ್ಣದೆ ನಾನು ಉಂಡದ್ದಿಲ್ಲ. ಇದ್ದಿಲು ಪುಡಿ ಇಬ್ಬರ ಮೂಗಿಗೂ ಹೋಗುತ್ತಿತ್ತು. ನನ್ನ ಪುಪ್ಪುಸ ಕಲ್ಲು, ತಡೆಯಿತು. ಅವಳದು ತಡೆಯಲಿಲ್ಲ.

ಅವಳಿಗೆ ಕೆಮ್ಮು ಹಿಡಿದದ್ದು ತಿಳಿದ ಕೂಡಲೇ ಸಮಿತಿಯವರು ಅವಳನ್ನು ಪಾಳಿಯಿಂದ ತೆಗೆದರು. ಕೆಮ್ಮು ಬಂತೆಂದು ಆಸ್ಪತ್ರೆಯಿಂದ ಹೊರಗೆ ಹಾಕಿದ್ದನ್ನು ನೀವು ಬೇರೆಲ್ಲಾದರೂ ಕೇಳಿದ್ದರೆ ಹೇಳಿ. ಬಸಲಿಂಗಿ ಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು. "ನಾನು ಅಷ್ಟು ಚೆನ್ನಾಗಿ ಮಲಗ್ತಿದ್ದೆ ಕಣೇ ಸಾಕಿ. ಮಗ್ಗುಲು ಸೈತ ಬದಲಾಯಿಸ್ತಿರ್ಲಿಲ್ಲ" ಎಂದಳು. ಅವಳ ಜೀವನದಲ್ಲಿ ಯಾರಾದರೂ ಅವಳಿಗೆ ಮಲಗು ಎಂದು ಹೇಳಿದ್ದು ಅದೊಂದೇ ಕೆಲಸದಲ್ಲಿ.

ಆಮೇಲೊಂದು ದಿನ ಬೆಳಿಗ್ಗೆ ಅವಳು ಮಣೆಯ ಮುಂದೆ ಕೂತವಳು ಕೈ ನಿಲ್ಲಿಸಿ ಬಾಯಿ ತೆರೆದಳು. ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದವಳ ಹಾಗೆ ಆಯಿತು. ನಾನು ಓಡಿಹೋಗಿ ಪಕ್ಕದ ಬೀದಿಯ ಇಮಾಮನ ಗೂಡ್ಸ್ ಆಟೋ ಕರೆದು ತಂದೆ. ಈರುಳ್ಳಿ ಮೂಟೆಗಳನ್ನು ಇಳಿಸದೆ ಅವುಗಳ ಮೇಲೆಯೇ ಅವಳನ್ನು ಒರಗಿಸಿದೆವು. ಏರು ಹತ್ತುವಾಗ ಇಮಾಮ, "ಅಮ್ಮಾ ಹಿಡ್ಕೊಳ್ಳಿ, ಗಟ್ಟಿ ಹಿಡ್ಕೊಳ್ಳಿ" ಎಂದು ಕೂಗುತ್ತಲೇ ಇದ್ದ. ನಾನು ಹಿಡಿದುಕೊಂಡೇ ಇದ್ದೆ.

ಡಾಕ್ಟರ್ ಜೆಸಿಂತಾ ವರಾಂಡದ ಬೆಂಚಿನ ಮೇಲೆ ಅವಳನ್ನು ಕೂರಿಸಿ ಎದೆಗೆ ಕೊಳವೆ ಇಟ್ಟು ಕೇಳಿದಳು. "ಇವ್ರಿಗೆ ಈಗಲೇ ಆಕ್ಸಿಜನ್ ಬೇಕು. ಪೈಪ್ ಇರೋದು ಹಾಸಿಗೆ ತಲೆ ಹತ್ತಿರ ಮಾತ್ರ" ಎಂದಳು. ಬಿಡಿ ಸಿಲಿಂಡರ್ ಒಂದಿತ್ತಲ್ಲ ಎಂದೆ. ದಿಬ್ಬದವರು ತಮ್ಮ ಆರೋಗ್ಯಕ್ಕಾಗಿ ಓಟದ ಸ್ಪರ್ಧೆ ಇಟ್ಟುಕೊಂಡಿದ್ದಾರೆ, ಓಡಿದವರಿಗೆ ಏದುಸಿರು ಬಂದರೆ ಇರಲಿ ಎಂದು ತೆಗೆದುಕೊಂಡು ಹೋಗಿದ್ದಾರೆ ಎಂದಳು. ನಾನು ಒಳಗೆ ನುಗ್ಗಿದೆ.

ಎಲ್ಲ ನನ್ನ ಜನವೇ. ಒಬ್ಬೊಬ್ಬರ ಮನೆಯ ಒಲೆ ನನಗೆ ಗೊತ್ತು. ಬಾಗಿಲ ಬಳಿಯ ಹಾಸಿಗೆಯಲ್ಲಿ ಶ್ರೀಕಂಠಯ್ಯ ರೇಡಿಯೋ ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದ. ಅವನ ಆಚೆ ನಮ್ಮ ಗೋಡೆ ಪಕ್ಕದ ಮರಿನಂಜಮ್ಮ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಮಗಳ ಎರಡು ಬಾಣಂತನವನ್ನೂ ಮಾಡಿದವಳು ಬಸಲಿಂಗಿ.

"ನಂಜಕ್ಕ, ಏಳು. ಬಸಲಿಂಗಿಗೆ ಉಸಿರು ನಿಲ್ತಾ ಐತೆ. ಒಂದು ಹಾಸಿಗೆ ಬೇಕು" ಎಂದೆ.

ಮರಿನಂಜಮ್ಮ ಶ್ರೀಕಂಠಯ್ಯನ ಕಡೆ ನೋಡಿದಳು. "ನಂದೇನಿಲ್ಲ ಕಣವ್ವ. ಸಮಿತಿಯೋರು ಹೂಂ ಅಂದ್ರೆ ಎದ್ದೇನು" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಶ್ರೀಕಂಠಯ್ಯ ರೇಡಿಯೋ ಸಣ್ಣ ಮಾಡಿದ. "ಸಾಕಮ್ಮ, ಸಮಾಧಾನ ಮಾಡ್ಕೊಳ್ಳಿ. ಬಸಲಿಂಗಮ್ಮನ ಬಗ್ಗೆ ನಮಗೆಲ್ಲ ಗೌರವ ಇದೆ. ಆದರೆ ಆಕೆಗೆ ಏನಾದ್ರೂ ಆಗಿಬಿಟ್ರೆ ಹಾಸಿಗೆ ಖಾಲಿ ಆಗುತ್ತೆ. ಆಸ್ಪತ್ರೆ ದಿಬ್ಬ ಸೇರುತ್ತೆ. ಇಡೀ ತಗ್ಗಿನ ಹಿತ ನೋಡ್ಬೇಕಲ್ವಾ?"

"ನಾನು ಪಕ್ಕದಲ್ಲೇ ನಿಂತಿರ್ತೀನಿ. ಅವಳು ಹೋದ ಕ್ಷಣವೇ ನಾನು ಮಲಗ್ತೀನಿ. ಮಾರಮ್ಮನಾಣೆ."

"ರುದ್ರಪ್ಪನ ಹೆಂಡತಿನೂ ಹಾಗೇ ಅಂದಿದ್ರು."

ವರಾಂಡದಿಂದ ಬಸಲಿಂಗಿಯ ಧ್ವನಿ ಬಂತು, ಗರಗಸ ಎಳೆದ ಹಾಗೆ. "ನಾನಿನ್ನೂ ಸತ್ತಿಲ್ಲ ಕಣ್ರೋ."

ಯಾರೋ ನಕ್ಕರು. ನಕ್ಕವನಿಗೆ ನಾಚಿಕೆಯಾಗಿ ಹೊದಿಕೆ ಎಳೆದುಕೊಂಡ. ಡಾಕ್ಟರ್ ಜೆಸಿಂತಾ ಒಳಗೆ ಬಂದು, "ಯಾರಾದ್ರೂ ಒಬ್ರು ಏಳಿ, ದಮ್ಮಯ್ಯ, ಒಬ್ರು" ಎಂದು ಸಾಲಿನ ಉದ್ದಕ್ಕೂ ಓಡಾಡಿದಳು. ಅವಳು ಯಾರ ಕಡೆ ತಿರುಗಿದರೂ ಅವರು ಪಕ್ಕದವರ ಕಡೆ ತಿರುಗುತ್ತಿದ್ದರು. ಒಬ್ಬಳು ತನ್ನ ಸೊಂಟ ಹಿಡಿದಿದೆ ಎಂದಳು. ಹಾಸಿಗೆಯಿಂದ ಏಳದೆ ಇರಲು ತಗ್ಗಿನವರು ಕಾಯಿಲೆಯ ಹೆಸರು ಹೇಳಿದ್ದು ಅದೇ ಮೊದಲು.

ಕೊನೆಗೆ ಶ್ರೀಕಂಠಯ್ಯ, ಸಭೆ ನಡೆಸಿ ತೀರ್ಮಾನ ಮಾಡೋಣ ಎಂದ. ಮಲಗಿದ್ದಲ್ಲೇ ಸಭೆ. ಪರ ಇರುವವರು ಕೈ ಎತ್ತಿ ಎಂದ, ಕೆಲವರು ಎತ್ತಿದರು. ವಿರೋಧ ಇರುವವರು ಎತ್ತಿ ಎಂದ, ಅದೇ ಕೆಲವರು ಮತ್ತೆ ಎತ್ತಿದರು. ಮುದುಕರು, ಕಿವಿ ಮಂದ. ಮತ್ತೊಮ್ಮೆ ಶುರುವಿನಿಂದ ಹೇಳಿದ. ನಾನು ನಡುವೆ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಬೇಡಿದೆ, ಕಾಲು ಮುಟ್ಟಿದೆ. ನನ್ನ ಜನ್ಮದಲ್ಲಿ ಯಾರ ಕಾಲನ್ನೂ ಮುಟ್ಟಿದವಳಲ್ಲ. ತೀರ್ಮಾನವಾಯಿತು. ಬಸಲಿಂಗಮ್ಮ ಸಾಯುವುದಿಲ್ಲ ಎಂದು ಡಾಕ್ಟರು ಭರವಸೆ ಕೊಟ್ಟರೆ ಒಂದು ಹಾಸಿಗೆ ಬಿಟ್ಟುಕೊಡಬಹುದು.

"ಆ ಭರವಸೆ ನನ್ನ ಬಗ್ಗೆಯೂ ನಾನು ಕೊಡಲಾರೆ" ಎಂದಳು ಡಾಕ್ಟರ್ ಜೆಸಿಂತಾ.

"ಹಾಗಾದರೆ ನಾವೇನು ಮಾಡೋಕಾಗುತ್ತೆ?" ಎಂದ ಶ್ರೀಕಂಠಯ್ಯ. ನಿಜವಾಗಿಯೂ ಬೇಜಾರಿನಿಂದಲೇ ಹೇಳಿದ. ಅದೇ ನನಗೆ ಹೆಚ್ಚು ಅಸಹ್ಯವಾದದ್ದು.

ನಾನು ಹೊರಗೆ ಬಂದೆ. ಬಸಲಿಂಗಿ ಬೆಂಚಿನ ಮೇಲೆ ಗೋಡೆಗೆ ಒರಗಿದ್ದಳು. ಇಮಾಮ ಒಂದು ರಟ್ಟಿನ ತುಂಡಿನಿಂದ ಅವಳಿಗೆ ಗಾಳಿ ಹಾಕುತ್ತಿದ್ದ. ನನ್ನನ್ನು ನೋಡಿ ಅವನು ಕೈ ನಿಲ್ಲಿಸಿದ, ಆಗ ನನಗೆ ಗೊತ್ತಾಯಿತು. ಅವಳ ಬೆರಳಿನ ತುದಿಗಳಲ್ಲಿ ಬೆಳಗಿನ ಇದ್ದಿಲು ಹಾಗೇ ಇತ್ತು. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಒಳಗೆ ಯಾರೋ ರೇಡಿಯೋ ಮತ್ತೆ ದೊಡ್ಡದು ಮಾಡಿದರು.

ನಾನು ಅಳಲಿಲ್ಲ. ಒಳಗೆ ಹೋದೆ. ಶ್ರೀಕಂಠಯ್ಯ ನನ್ನ ಮುಖ ನೋಡಿ, "ಛೇ ಛೇ, ದೇವರ ಇಚ್ಛೆ. ನೋಡಿ, ಹಾಸಿಗೆ ಕೊಟ್ಟಿದ್ರೆ ಈಗ ಖಾಲಿ ಆಗ್ತಿರ್ಲಿಲ್ವಾ?" ಎಂದ. ತನ್ನ ಲೆಕ್ಕ ಸರಿಹೋಯಿತೆಂಬ ನೆಮ್ಮದಿ ಅವನ ಮುಖದಲ್ಲಿತ್ತು. ನಾನು ಅವನ ಎರಡೂ ಕಾಲು ಹಿಡಿದು ಎಳೆದೆ. ಜೀವಮಾನವೆಲ್ಲ ಹಿಟ್ಟು ನಾದಿದ ಕೈ ನನ್ನದು. ಅವನು ರೇಡಿಯೋ ಸಮೇತ ನೆಲಕ್ಕೆ ಬಿದ್ದ.

"ಯಾರಾದ್ರೂ ಮಲಗ್ರೋ! ಖಾಲಿ ಆಯ್ತು, ಮಲಗ್ರೋ!" ಎಂದು ನೆಲದಿಂದಲೇ ಕಿರುಚಿದ. ಮಲಗುವವರು ಯಾರು? ಎಲ್ಲರೂ ತಮ್ಮ ತಮ್ಮ ಹಾಸಿಗೆ ಹಿಡಿದುಕೊಂಡಿದ್ದರು. ಅವನೇ ಹತ್ತಲು ಬಂದ, ನಾನು ಅಡ್ಡ ನಿಂತೆ. "ಮುಟ್ಟು, ನೋಡೋಣ" ಎಂದೆ. ಅವನು ಮುಟ್ಟಲಿಲ್ಲ. ಅಷ್ಟರಲ್ಲಿ ನೆಲ ಅಲುಗಿತು. ಗೋಡೆಯ ಕ್ಯಾಲೆಂಡರ್ ಓಲಾಡಿತು. ಊಟದ ಹೊತ್ತಿಗೂ ಕಾಯದೆ ಆಸ್ಪತ್ರೆ ಎದ್ದಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ಇಡೀ ತಗ್ಗಿನ ಹಿತಕ್ಕಾಗಿ ಹಾಸಿಗೆ ಬಿಡಲಾರದವರೆಲ್ಲ, ದಿಬ್ಬದಿಂದ ಮನೆಗೆ ನಡೆದು ಬರಬೇಕಾಗುತ್ತದೆ ಎಂದು ಹೊಳೆದ ಕೂಡಲೇ ಎದ್ದರು. ಮೊದಲು ಎದ್ದವಳು ಮರಿನಂಜಮ್ಮ. ಅವರೆಕಾಯಿ ನೆಲವೆಲ್ಲ ಚೆಲ್ಲಿತು, ಅದರ ಮೇಲೆ ಜಾರಿ ಇಬ್ಬರು ಬಿದ್ದರು, ಬಿದ್ದವರನ್ನು ದಾಟಿ ಉಳಿದವರು ಓಡಿದರು. ಸೊಂಟ ಹಿಡಿದಿದ್ದವಳು ಎಲ್ಲರಿಗಿಂತ ಮುಂದೆ. ಬಸ್ಸಿನಿಂದ ಇಳಿಯುವವರ ಹಾಗೆ ವರಾಂಡದಿಂದ ಒಬ್ಬೊಬ್ಬರೇ ಹಾರಿದರು, ದಿಂಬು ಬುತ್ತಿ ಸಮೇತ. ಬೆಂಚಿನ ಪಕ್ಕದಲ್ಲೇ ಹಾರಿದರು, ಒಬ್ಬರೂ ಅವಳ ಕಡೆ ತಿರುಗಲಿಲ್ಲ. ಶ್ರೀಕಂಠಯ್ಯ ಹಾರುವ ಮೊದಲು ನನ್ನ ಕಡೆ ಬೆರಳು ತೋರಿಸಿ, "ಜನ ನಿಮ್ಮನ್ನ ಕ್ಷಮಿಸಲ್ಲ" ಎಂದ. ಹೌದು, ಕ್ಷಮಿಸಿಲ್ಲ.

ವಾರ್ಡಿನಲ್ಲಿ ಡಾಕ್ಟರ್ ಜೆಸಿಂತಾ, ನಾನು ಇಬ್ಬರೇ ಉಳಿದೆವು. ಹೊರಗೆ ಇಮಾಮ, ತನ್ನ ಆಟೋ ಹಿಂದೆ ಉಳಿದರೂ ಇಳಿಯದೆ, ಬೆಂಚು ಹಿಡಿದುಕೊಂಡು ನಿಂತಿದ್ದ, ಬಸಲಿಂಗಿ ಜಾರಿ ಬೀಳದ ಹಾಗೆ. ಮೂವರೂ ಸೇರಿ ಅವಳನ್ನು ಎತ್ತಿ ಒಳಗೆ ತಂದೆವು. ಅಷ್ಟು ಹಗುರವಾಗಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

"ಯಾವ ಹಾಸಿಗೆ?" ಎಂದಳು ಡಾಕ್ಟರು.

ನಾನು ಸುತ್ತ ನೋಡಿದೆ. ಎಲ್ಲವೂ ಖಾಲಿ. ಕಿಟಕಿ ಪಕ್ಕದ್ದಕ್ಕೆ ಕೈ ತೋರಿಸಿದೆ. ಮಲಗಿಸಿದೆವು. ನಾನು ತಲೆಗೆ ಎರಡು ದಿಂಬು ಇಟ್ಟೆ, ಬೇರೆ ಹಾಸಿಗೆಯದನ್ನೂ ತಂದು. ಕಿಟಕಿಯಲ್ಲಿ ಡಿಪೋ ಕೆಳಗೆ ಹೋಯಿತು, ನಮ್ಮ ಮನೆಗಳ ಹೆಂಚು ಕೆಳಗೆ ಹೋಯಿತು, ದಿಬ್ಬದವರ ಬೋಗನ್‌ವಿಲ್ಲಾ ಬೇಲಿ ಕಾಣತೊಡಗಿತು. ಡಾಕ್ಟರ್ ಜೆಸಿಂತಾ ಅಭ್ಯಾಸಬಲದಿಂದ ಪೈಪಿನ ತುದಿಯ ಮುಖವಾಡ ತೆಗೆದು ಅವಳ ಮೂಗಿಗೆ ಇಟ್ಟು, ಗೋಡೆಯ ತಿರುಪು ತಿರುಗಿಸಿದಳು. ಗಾಳಿ ಸುಯ್ ಎಂದು ಬಂತು. ಅವಳ ಹಣೆಯ ಮೇಲಿನ ಬಿಳಿ ಕೂದಲು ಅಲ್ಲಾಡಿತು. ಆಮೇಲೆ ಡಾಕ್ಟರಿಗೆ ತಾನು ಮಾಡಿದ್ದು ತಿಳಿದು, ಮುಖ ಕೆಂಪಾಗಿ, ನಿಲ್ಲಿಸಲು ಕೈ ಚಾಚಿದಳು.

"ಇರಲಿ ಬಿಡಿ ಡಾಕ್ಟ್ರೇ" ಎಂದೆ. "ಅವಳ ಪಾಲಿಂದು. ಬರಲಿ."